ಸಾತನೂರಿನ ಆಚೆ ನೆಲ ಜಾರಿತ್ತೆ?

ಕನಕಪುರದಿಂದ ಸಾತನೂರು ದಾಟಿ ಸಂಗಮಕ್ಕೆ ನೀವು ಹೋಗಿರಬಹುದು. ಅಲ್ಲಿ ಅರ್ಕಾವತಿಯನ್ನು ಸೇರಿಸಿಕೊಂಡ ಕಾವೇರಿ, ಕೆಲವೇ ಕಿಲೋಮೀಟರ್ ಮುಂದೆ ಮೇಕೆದಾಟಿನ ಇಕ್ಕಟ್ಟಾದ ಕಮರಿಗೆ ನುಗ್ಗುತ್ತದೆ. ಏಕೆ?

ಹಿಮಾಲಯವನ್ನು ದಶಕಗಳ ಕಾಲ ನಡೆದು ನೋಡಿದ್ದ ಭೂವಿಜ್ಞಾನಿ ಕೆ.ಎಸ್. ವಲ್ದಿಯಾ (1937–2020) ಬೆಂಗಳೂರಿಗೆ ಬಂದ ಮೇಲೆ ಇಂಥ ಪ್ರಶ್ನೆಗಳನ್ನೇ ಹಿಡಿದರು. ಮೈಸೂರು ಪ್ರಸ್ಥಭೂಮಿಯ ಹಳೆಯ ಸ್ತರಭಂಗಗಳು ಭೂಚರಿತ್ರೆಯ ಇತ್ತೀಚಿನ ಕಾಲದಲ್ಲೂ ಚಲಿಸಿವೆ ಎಂಬುದು ಅವರ ಉತ್ತರ. ಜಿ. ರಾಜಗೋಪಾಲನ್ ಅವರೊಡನೆ 2000ದಲ್ಲಿ ಬರೆದ ಪ್ರಬಂಧದಲ್ಲಿ ಕಾವೇರಿ ಕೊಳ್ಳದ ಪ್ರಾಚೀನ ಸರೋವರಗಳನ್ನು ಇದಕ್ಕೆ ಸಾಕ್ಷಿಯಾಗಿ ಒಡ್ಡಿದರು. ನೆಲ ಎದ್ದಿತು, ನೀರು ನಿಂತಿತು ಎಂಬ ತರ್ಕ.

ಓದಲು ಸೊಗಸಾದ ವಾದ. ಆದರೆ ಸರೋವರದ ಜೇಡಿಯ ವಯಸ್ಸು ನೀರು ನಿಂತ ಕಾಲವನ್ನಷ್ಟೇ ಹೇಳುತ್ತದೆ; ನೆಲ ಒಮ್ಮೆಗೇ ಜಾರಿತೋ ಮೆಲ್ಲನೆ ಸರಿಯಿತೋ ತಿಳಿಸದು. ಅರ್ಕಾವತಿ ನೇರವಾಗಿ ಹರಿಯಲು ಸುಮಾರು 250 ಕೋಟಿ ವರ್ಷ ಹಳೆಯ ಕ್ಲೋಸ್‌ಪೇಟೆ ಗ್ರಾನೈಟಿನ ಬಿರುಕುಗಳೂ ಸಾಕು. (ಕ್ಲೋಸ್‌ಪೇಟೆ ಎಂದರೆ ನಮ್ಮ ರಾಮನಗರವೇ!) ಭೂಕಂಪದ ಲೆಕ್ಕ ಬೇಕಾದರೆ ಸ್ತರಭಂಗಕ್ಕೆ ಅಡ್ಡವಾಗಿ ಕಂದಕ ತೋಡಿ, ತುಂಡಾದ ಮೆಕ್ಕಲು ಪದರಗಳ ಕಾಲವನ್ನು ನಿರ್ಣಯಿಸಬೇಕು. ನದಿಯ ತಿರುವುಗಳಿಂದ ನೇರವಾಗಿ ಅಪಾಯದ ಅಂದಾಜಿಗೆ ಹಾರುವಂತಿಲ್ಲ.

ಹಾಗೆಂದು ವಲ್ದಿಯಾ ಅವರನ್ನು ತಳ್ಳಿಹಾಕಬೇಡಿ. ದಖ್ಖನ್ 'ಸ್ಥಿರ ಭೂಭಾಗ' ಎಂದು ತರಗತಿಗಳಲ್ಲಿ ನಾವು ಹೇಳುತ್ತಿದ್ದಾಗಲೇ, 1993ರ ಸೆಪ್ಟೆಂಬರ್ 30ರಂದು ಲಾತೂರು ಜಿಲ್ಲೆಯ ಕಿಲ್ಲಾರಿ ನೆಲಸಮವಾಯಿತು. ಕೊಯ್ನಾ ಜಲಾಶಯ ತುಂಬತೊಡಗಿದ ಕೆಲವೇ ವರ್ಷಗಳಲ್ಲಿ, 1967ರಲ್ಲಿ, ಅಲ್ಲಿಯೂ ನೆಲ ನಡುಗಿತು. ಮೇಕೆದಾಟಿಗೂ ಜಲಾಶಯದ ಪ್ರಸ್ತಾವ ಬಂದಿದೆ. ಅಣೆಕಟ್ಟೆಯ ಅಡಿಪಾಯಕ್ಕೆ ಮೊದಲು ಅಲ್ಲಿ ತೋಡಬೇಕಾದದ್ದು ಆ ಕಂದಕ.