ಮೊಮ್ಮಗನ ಹುಟ್ಟುಹಬ್ಬವೂ ‘ಗೃಹಭಂಗ’ವೂ

2025ರ ಬೇಸಿಗೆಯಲ್ಲಿ ತಿಪಟೂರಿನಿಂದ ತುರುವೇಕೆರೆಗೆ ಹೋಗುವ ದಾರಿಯ ಒಂದು ಹಳ್ಳಿಗೆ, ಹಳೆಯ ಗೆಳೆಯರೊಬ್ಬರ ಮನೆಗೆ ಹೋಗಿದ್ದೆವು. ಅವರ ಮಗಳ ಮಗನಿಗೆ ವರ್ಷ ತುಂಬಿತ್ತು. ನಿಜ ಹೇಳಬೇಕೆಂದರೆ ಮಗುವಿಗೆ ವರ್ಷ ತುಂಬಿದ್ದು ಮಾರ್ಚಿಯಲ್ಲಿ. ಬೆಂಗಳೂರಿನ ಮಕ್ಕಳು, ಸೊಸೆ, ಅಳಿಯ, ಅವರ ಮಕ್ಕಳು ಎಲ್ಲರೂ ಒಟ್ಟಿಗೆ ಊರಿಗೆ ಬರುವುದು ಶಾಲೆಗೆ ರಜೆ ಬಿಟ್ಟಾಗ ಮಾತ್ರ. ಹಾಗಾಗಿ ಹುಟ್ಟುಹಬ್ಬವನ್ನು ಏಪ್ರಿಲ್ ಕೊನೆಗೆ ತಳ್ಳಿದ್ದರು. ಈಗ ಕಲ್ಪತರು ನಾಡಿನ ಹಳ್ಳಿಗಳಲ್ಲಿ ಇದು ಸಾಮಾನ್ಯ. ಚಿಕ್ಕನಾಯಕನಹಳ್ಳಿಯಾಗಲಿ, ತುರುವೇಕೆರೆಯಾಗಲಿ, ಬೇಸಿಗೆ ಬಂತೆಂದರೆ ತೆಂಗಿನ ತೋಟದ ಮನೆಗಳ ಮುಂದೆ ಕಾರುಗಳು ನಿಲ್ಲುತ್ತವೆ, ಬೀಗ ಹಾಕಿದ್ದ ಕೋಣೆಗಳ ಬಾಗಿಲು ತೆರೆಯುತ್ತವೆ.

ಅಂಗಳಕ್ಕೆ ತೆಂಗಿನ ಗರಿಯ ಚಪ್ಪರ ಹಾಕಿದ್ದರು. ಅದರ ಕೆಳಗೆ ಬಲೂನು, ಮಗುವಿನ ಚಿತ್ರವಿದ್ದ ದೊಡ್ಡ ಫ್ಲೆಕ್ಸು. ತಿಪಟೂರಿನ ಬೇಕರಿಯಿಂದ ತಂದ ಕೇಕು ಬಿಸಿಲಿಗೆ ಕರಗದಿರಲೆಂದು ಒಳಗೆ ಫ್ರಿಜ್ಜಿನಲ್ಲಿ ಕಾದಿತ್ತು. ಊಟಕ್ಕೆ ಒಬ್ಬಟ್ಟು, ಕಾಯಿಹಾಲು. ಬಂದವರಿಗೆಲ್ಲ ಎಳನೀರು. ಗೆಳೆಯರು ಸಂಭ್ರಮದಲ್ಲಿದ್ದರು, ಅದಕ್ಕೆ ಕಾರಣವೂ ಇತ್ತು. 2023ರಲ್ಲಿ ಉಂಡೆ ಕೊಬ್ಬರಿಗೆ ಸರ್ಕಾರ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆ ಕಟ್ಟಿದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ಬೆಲೆ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದಿತ್ತು, ರೈತರು ಬೀದಿಗೆ ಇಳಿದಿದ್ದರು. 2025ರಲ್ಲಿ ಅದೇ ಕೊಬ್ಬರಿ 20 ಸಾವಿರ ದಾಟಿತು. ಈ ಸೀಮೆಯಲ್ಲಿ ಮದುವೆಯ ಚಪ್ಪರದ ಅಗಲವನ್ನೂ ಕೇಕಿನ ತೂಕವನ್ನೂ ಕೊನೆಗೆ ನಿರ್ಧರಿಸುವುದು ಅಟ್ಟದ ಮೇಲಿರುವ ಕಾಯಿಯೇ.

ಊಟವಾದ ಮೇಲೆ, ‘ನಿಮ್ಮ ಹುಟ್ಟುಹಬ್ಬ ಯಾವತ್ತು?’ ಎಂದು ಗೆಳೆಯರನ್ನು ಸುಮ್ಮನೆ ಕೇಳಿದೆವು. ಅವರು ನಕ್ಕರು. ‘ಜೂನ್ ಒಂದು. ನಮ್ ಕ್ಲಾಸಲ್ಲಿ ಅರ್ಧ ಜನಕ್ಕೆ ಜೂನ್ ಒಂದೇ. ಅವ್ವ ಹೆತ್ತಿದ್ದು ಯಾವಾಗ್ಲೋ, ಮೇಷ್ಟ್ರು ಹುಟ್ಟಿಸಿದ್ದು ಅವತ್ತು’ ಎಂದರು. ಶಾಲೆ ತೆರೆಯುವ ಹೊತ್ತಿಗೆ ಮಗುವಿನ ವಯಸ್ಸು ಲೆಕ್ಕಕ್ಕೆ ಸರಿಹೊಂದಬೇಕಲ್ಲ, ಹಾಗಾಗಿ ಮೇಷ್ಟರ ಲೇಖನಿಗೆ ತೋಚಿದ್ದೇ ಜನ್ಮದಿನವಾಯಿತು. ನಮ್ಮ ಓದುಗರಲ್ಲಿ ಅರವತ್ತು ದಾಟಿದ ಅನೇಕರಿಗೆ, ಅವರು ಯಾವ ಧರ್ಮದವರಾದರೂ, ಇಂಥ ಎರಡು ಹುಟ್ಟು ಇದ್ದೇ ಇರುತ್ತವೆ. ಒಂದು ಕಾಗದದ್ದು, ಇನ್ನೊಂದು ತಾಯಿಯ ನೆನಪಿನದು.

ನಾವು ಹೇಳಹೊರಟ ವಿಷಯ ಬೇರೆ. ಕೇಕು ಕತ್ತರಿಸುವ ಹೊತ್ತಿಗೆ ಒಂದು ಬಲೂನು ಒಡೆಯಿತು. ಮಗು ಬೆಚ್ಚಿ ಅಳತೊಡಗಿತು. ತಾಯಿ ಎತ್ತಿಕೊಂಡಳು, ತಂದೆ ಎತ್ತಿಕೊಂಡ, ಅಜ್ಜಿ ಎತ್ತಿಕೊಂಡರು, ಸುಮ್ಮನಾಗಲಿಲ್ಲ. ಕೊನೆಗೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಮುದುಕಿಯನ್ನು ಕರೆದರು. ಊರೆಲ್ಲ ‘ಬೂಬಮ್ಮ’ ಎಂದೇ ಕರೆಯುವ ಆಕೆಯ ಹೆಗಲಿಗೆ ಹೋದ ಮೇಲೆ ಮಗು ಬಿಕ್ಕುತ್ತಾ ಬಿಕ್ಕುತ್ತಾ ಸುಮ್ಮನಾಯಿತು. ಬಾಣಂತನದಲ್ಲಿ ಆ ಮಗುವಿಗೆ ಎಣ್ಣೆ ತಿಕ್ಕಿ ನೀರು ಹಾಕಿದವಳು ಆಕೆ. ಆರು ತಿಂಗಳ ರಜೆ ಮುಗಿದು ಮಗಳು ಕೆಲಸಕ್ಕೆ ಮರಳಿದಾಗ ಮಗು ಅಜ್ಜಿ ಮನೆಯಲ್ಲೇ ಉಳಿಯಿತು. ಮಂಡಿ ನೋವಿನ ಅಜ್ಜಿಗೆ ಆಸರೆಯಾಗಿ ಹಗಲೆಲ್ಲ ಅದನ್ನು ಆಡಿಸಿದವಳೂ ಆಕೆಯೇ. ಫೋಟೋದವನು ಕಾದಿದ್ದ. ಮಗು ಸುಮ್ಮನಾದ ಕೂಡಲೇ ‘ಫ್ಯಾಮಿಲಿಯವರು ಬನ್ನಿ, ಫ್ಯಾಮಿಲಿ ಮಾತ್ರ’ ಎಂದ. ಬೂಬಮ್ಮ ಮಗುವನ್ನು ತಾಯಿಯ ಕೈಗೆ ಕೊಟ್ಟು, ಸೆರಗು ಸರಿಮಾಡಿಕೊಂಡು, ಪಕ್ಕಕ್ಕೆ ಸರಿದಳು.

ಯಾರೂ ಅವಮಾನ ಮಾಡಲಿಲ್ಲ. ಆಕೆಗೂ ಹಾಗೆ ಅನ್ನಿಸಿದಂತೆ ಕಾಣಲಿಲ್ಲ. ನಮಗೂ ಆ ಹೊತ್ತಿನಲ್ಲಿ ಏನೂ ಹೊಳೆಯಲಿಲ್ಲ. ಆ ವರ್ಷ ಸೆಪ್ಟೆಂಬರ್ 24ರಂದು ಎಸ್.ಎಲ್. ಭೈರಪ್ಪನವರು ತೀರಿಕೊಂಡಾಗ ‘ಗೃಹಭಂಗ’ವನ್ನು ಮತ್ತೆ ತೆಗೆದು ಓದಿದೆವು. ಆಗ ಆ ಫೋಟೋ ನೆನಪಾಯಿತು.

‘ಗೃಹಭಂಗ’ ಪ್ರಕಟವಾದದ್ದು 1970ರಲ್ಲಿ. ಕಾದಂಬರಿಯ ಕಾಲ ಕಳೆದ ಶತಮಾನದ 20ರ ದಶಕದಿಂದ 40ರ ದಶಕದವರೆಗಿನದು. ನೆಲ ತಿಪಟೂರು, ಚನ್ನರಾಯಪಟ್ಟಣ ತಾಲ್ಲೂಕುಗಳದು. ಅಂದರೆ ನಾವು ಎಳನೀರು ಕುಡಿದು ಬಂದ ಇದೇ ಸೀಮೆ. ಭೈರಪ್ಪನವರು ಹುಟ್ಟಿದ್ದು ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ. ಅವರಿಗೂ ಎರಡು ಹುಟ್ಟು: ಹಳೆಯ ಪರಿಚಯಗಳಲ್ಲಿ 1934 ಎಂದಿರುತ್ತಿತ್ತು, ನಿಧನದ ವರದಿಗಳಲ್ಲಿ 1931 ಎಂದಿತ್ತು. ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕೊಟ್ಟು ಉಳಿದ ಹುಡುಗ ಅವರು. ಅವರ ಆತ್ಮಕತೆ ‘ಭಿತ್ತಿ’ಯನ್ನೂ ಈ ಕಾದಂಬರಿಯನ್ನೂ ಒಟ್ಟಿಗೆ ಓದಿದವರಿಗೆ ಇದು ಎಷ್ಟು ಹತ್ತಿರದ ನೋವು ಎಂದು ಗೊತ್ತಾಗುತ್ತದೆ.

ಕತೆ ಬಹುಪಾಲು ಓದುಗರಿಗೆ ಪರಿಚಿತ. ಗಿರೀಶ ಕಾಸರವಳ್ಳಿ ಅದನ್ನು ಧಾರಾವಾಹಿಯಾಗಿ ಕಿರುತೆರೆಗೆ ತಂದಾಗ ಪುಸ್ತಕ ಓದದವರ ಮನೆಗೂ ನಂಜಮ್ಮ ಬಂದಳು. ರಾಮಸಂದ್ರದ ಶಾನುಭೋಗಿಕೆ ಮನೆತನ. ಬಾಯಿ ತೆರೆದರೆ ಬೈಗುಳ ಸುರಿಯುವ ಅತ್ತೆ ಗಂಗಮ್ಮ. ಹೊಟ್ಟೆಯ ಹೊರತು ಬೇರೇನೂ ತಿಳಿಯದ ಗಂಡ ಚೆನ್ನಿಗರಾಯ. ಗಂಡನ ಹೆಸರಿನಲ್ಲಿ ಲೆಕ್ಕ ಬರೆಯುತ್ತಾ, ಮುತ್ತುಗದ ಎಲೆ ಹಚ್ಚಿ ಮಾರುತ್ತಾ ಮೂರು ಮಕ್ಕಳನ್ನು ಸಾಕುವ ನಂಜಮ್ಮ. ಪಾರ್ವತಿ ಮತ್ತು ರಾಮಣ್ಣ ಪ್ಲೇಗಿಗೆ ಬಲಿಯಾಗುತ್ತಾರೆ. ಆಮೇಲೆ ನಂಜಮ್ಮನೂ ಹೋಗುತ್ತಾಳೆ. ಉಳಿಯುವವನು ಕೊನೆಯ ಮಗ ವಿಶ್ವ ಒಬ್ಬನೇ.

ಈ ಕಾದಂಬರಿಯಲ್ಲಿ ಎರಡು ಬಗೆಯ ಅಜ್ಜಿಯರಿದ್ದಾರೆ. ಮೊಮ್ಮಕ್ಕಳು ಹಸಿದರೂ ಕರಗದ ಗಂಗಮ್ಮ ಒಬ್ಬಳು. ತಾಯಿಯಿಲ್ಲದ ನಂಜಮ್ಮನನ್ನು ಬೆಳೆಸಿದ, ಅವಳ ಮಕ್ಕಳಿಗೂ ಮಡಿಲು ಕೊಡುವ ನಾಗಲಾಪುರದ ಅಕ್ಕಮ್ಮ ಇನ್ನೊಬ್ಬಳು. ನಮ್ಮಲ್ಲಿ ‘ಗೃಹಭಂಗ’ವನ್ನು ಹೆಚ್ಚಾಗಿ ಓದಿರುವುದು ನಂಜಮ್ಮನ ದುರಂತವಾಗಿ. ಅದು ತಪ್ಪಲ್ಲ. ಆದರೆ ಒಂದು ಮಗು ಹೇಗೆ ಉಳಿಯಿತು ಎಂಬ ಕತೆಯಾಗಿಯೂ ಅದನ್ನು ಓದಬಹುದು. ಹಾಗೆ ಓದಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಮನೆಯನ್ನು ಮುರಿಯುವವರೆಲ್ಲ ಮನೆಯವರೇ: ಅಜ್ಜಿ, ಅಪ್ಪ, ಚಿಕ್ಕಪ್ಪ. ಅಕ್ಕಮ್ಮನ ಕೈ ದೂರದ್ದು. ಎಟುಕುವಷ್ಟು ಕಾಲ ಮಾತ್ರ ಎಟುಕುತ್ತದೆ. ದಿನನಿತ್ಯದ ಕಷ್ಟಕ್ಕೆ ಆಗುವವರು ಹೊರಗಿನವರು. ಭಿಕ್ಷೆಯ ಕಾಳಿನಲ್ಲಿ ಬದುಕುವ ಮಹಾದೇವಯ್ಯನವರು, ತಾನೇ ಗಂಡನಿಂದ ನೊಂದ ಸರ್ವಕ್ಕ, ಊರು ಹಗುರವಾಗಿ ಮಾತಾಡುವ ಅಂಗಡಿಯ ನರಸಿ. ಇವರಲ್ಲಿ ಯಾರೂ ಆ ಮನೆಯ ಜಾತಿಯವರಲ್ಲ. ಕೊನೆಗೆ ವಿಶ್ವ ಊರು ಬಿಟ್ಟು ನಡೆಯುವುದು ಮಹಾದೇವಯ್ಯನವರ ಜೊತೆ. ಅಪ್ಪನ ಕೈ ಹಿಡಿದಲ್ಲ.

ಆ ಮನೆಯಲ್ಲಿ ಹುಟ್ಟುಹಬ್ಬವಿದ್ದು, ಫೋಟೋದವನು ಬಂದು ‘ಫ್ಯಾಮಿಲಿ ಮಾತ್ರ’ ಎಂದಿದ್ದರೆ ಆ ಚಿತ್ರದಲ್ಲಿ ಯಾರಿರುತ್ತಿದ್ದರು? ಗಂಗಮ್ಮ ನಡುವಿನಲ್ಲಿ ಕೂತಿರುತ್ತಿದ್ದಳು. ಚೆನ್ನಿಗರಾಯ ಕೇಕಿನ ಹತ್ತಿರವೇ ನಿಂತಿರುತ್ತಿದ್ದ. ಮಹಾದೇವಯ್ಯ, ಸರ್ವಕ್ಕ, ನರಸಿ ಮೂವರೂ ಚೌಕಟ್ಟಿನ ಹೊರಗೆ. ಭೈರಪ್ಪನವರ ಹಿರಿಮೆ ಇರುವುದು ಅವರನ್ನು ಚೌಕಟ್ಟಿನ ಒಳಗೆ ತಂದದ್ದರಲ್ಲಿ. ಉಪದೇಶ ಮಾಡದೆ, ದೊಡ್ಡ ಮಾತಾಡದೆ, ಯಾರು ಯಾವ ಹೊತ್ತಿಗೆ ಬಂದು ನಿಂತರು ಎಂಬ ಲೆಕ್ಕವನ್ನು ಶಾನುಭೋಗರ ಕಡತದಷ್ಟೇ ನಿಷ್ಠುರವಾಗಿ ಬರೆದಿಟ್ಟದ್ದರಲ್ಲಿ.

ಕೊರತೆ ಇಲ್ಲವೆಂದಲ್ಲ. ಗಂಗಮ್ಮನ ಚಿತ್ರ ಒಂದೇ ಬಣ್ಣದ್ದು ಎಂದು ನಮಗೆ ಅನಿಸುತ್ತದೆ. ಗಂಡ ಸತ್ತ ಮೇಲೆ ಎರಡು ಗಂಡುಮಕ್ಕಳನ್ನು ಇಟ್ಟುಕೊಂಡು ಜಮೀನು, ಸಾಲ, ಊರಿನ ಕಣ್ಣು ಇವುಗಳ ನಡುವೆ ಬದುಕಿದ ಹೆಂಗಸಿಗೆ ಬೈಗುಳವೇ ಬೇಲಿಯಾಗಿರಬಹುದಲ್ಲವೇ? ಕಾದಂಬರಿ ಆ ಬೇಲಿಯ ಆಚೆಗೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನಂಜಮ್ಮನಿಗೆ ಕೊಟ್ಟ ಕಣ್ಣಿನ ಕಾಲು ಭಾಗವನ್ನು ಆಕೆಗೂ ಕೊಟ್ಟಿದ್ದರೆ ಈ ಕೃತಿ ಇನ್ನೂ ದೊಡ್ಡದಾಗುತ್ತಿತ್ತು.

ಇಂಥ ಪತ್ರಿಕೆಯಲ್ಲಿ ಭೈರಪ್ಪನವರನ್ನು ಕುರಿತು ಬರೆಯುವಾಗ ಇನ್ನೊಂದು ಮಾತನ್ನು ನುಂಗಿಕೊಳ್ಳುವುದು ಅಪ್ರಾಮಾಣಿಕತೆಯಾಗುತ್ತದೆ. 2007ರ ‘ಆವರಣ’ ನಮ್ಮಂಥ ಅನೇಕ ಓದುಗರನ್ನು ಅವರಿಂದ ದೂರ ಮಾಡಿತು. ಇತಿಹಾಸದ ಹೆಸರಿನಲ್ಲಿ ಒಂದು ಸಮುದಾಯವನ್ನೇ ಕಟಕಟೆಯಲ್ಲಿ ನಿಲ್ಲಿಸಿದ ಕಾದಂಬರಿ ಅದು ಎಂಬ ನಮ್ಮ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ. ಅಲ್ಲಿ ರಜಿಯಾ ಆಗಿದ್ದ ಲಕ್ಷ್ಮಿ ಅಪ್ಪನ ಊರಿಗೆ, ಅಪ್ಪನ ಮನೆಗೆ, ಅಪ್ಪನ ಪುಸ್ತಕಗಳಿಗೆ ಮರಳುತ್ತಾಳೆ. ಮನೆ ಎಂದರೆ ಬಾಗಿಲು ಹಾಕಿಕೊಂಡು ಒಳಗೆ ಸೇರಿಕೊಳ್ಳುವ ಜಾಗ. ‘ಗೃಹಭಂಗ’ದ ವಿಶ್ವನಾದರೋ ಅಪ್ಪನ ಮನೆಯಿಂದ ಹೊರಗೆ ನಡೆದು ಬದುಕುತ್ತಾನೆ. ಒಂದೇ ಲೇಖನಿಯಿಂದ ಬಂದ ಈ ಎರಡು ಮನೆಗಳಲ್ಲಿ ನಾವು ಯಾವುದನ್ನು ಆರಿಸಿಕೊಳ್ಳುತ್ತೇವೆ ಎಂಬುದು ಓದುಗರಾದ ನಮಗೆ ಬಿಟ್ಟದ್ದು. ‘ಆವರಣ’ದ ಸಿಟ್ಟಿನಲ್ಲಿ ‘ಗೃಹಭಂಗ’ವನ್ನು ಓದದೆ ಬಿಟ್ಟ ಕಿರಿಯ ಗೆಳೆಯರು ನಮಗೆ ಗೊತ್ತು. ನಷ್ಟ ಅವರದೇ. ‘ಆವರಣ’ದ ವಿರುದ್ಧ ಹೇಳಬೇಕಾದ ಬಲವಾದ ಮಾತನ್ನು ಅದೇ ಲೇಖಕರು 37 ವರ್ಷ ಮೊದಲೇ ಹೇಳಿಬಿಟ್ಟಿದ್ದರು.

ಈಗ ಮತ್ತೆ ಹುಟ್ಟುಹಬ್ಬಕ್ಕೆ ಬರೋಣ. ಮಕ್ಕಳ ಹುಟ್ಟುಹಬ್ಬ ಮಾಡಬೇಕೋ ಬೇಡವೋ ಎಂಬ ಚರ್ಚೆ ನಮ್ಮ ಮನೆಗಳಲ್ಲಿ ಇದ್ದೇ ಇದೆ. ಕೇಕು ನಮ್ಮ ಸಂಸ್ಕೃತಿಯೇ ಎಂದು ಕೇಳುವವರು ಎಲ್ಲ ಧರ್ಮಗಳಲ್ಲೂ ಇದ್ದಾರೆ. ಆ ಜಗಳಕ್ಕೆ ನಾವು ಹೋಗುವುದಿಲ್ಲ. ಹಿಂದಿನವರ ಆಚರಣೆಗಳನ್ನು ನೋಡಿ: ನಮ್ಮಲ್ಲಿ ಏಳನೆಯ ದಿನದ ಅಕೀಕಾ, ನೆರೆಯವರಲ್ಲಿ ನಾಮಕರಣ, ತೊಟ್ಟಿಲು, ಆಮೇಲೆ ಮುಡಿ ತೆಗೆಸುವುದು. ಎಲ್ಲವೂ ಮಗುವಿನ ಮೊದಲ ದಿನಗಳ, ಮೊದಲ ತಿಂಗಳುಗಳ ಸುತ್ತಲೇ ಇವೆ. ಯಾಕೆಂದರೆ ಅಪಾಯವೂ ಅಲ್ಲೇ ಇತ್ತು. 1951ರ ಸುಮಾರಿನಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ ಸುಮಾರು 146 ಮಕ್ಕಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 2020ರ ಲೆಕ್ಕದಲ್ಲಿ ಕರ್ನಾಟಕದಲ್ಲಿ ಆ ಸಂಖ್ಯೆ 19ಕ್ಕೆ ಇಳಿದಿತ್ತು. ಹಾಗೆ ನೋಡಿದರೆ ಮೊಮ್ಮಗು ವರ್ಷ ದಾಟಿತು ಎಂದು ಅಜ್ಜ ಅಜ್ಜಿ ಸಂಭ್ರಮಿಸುವುದರಲ್ಲಿ ಏನೂ ತಪ್ಪಿಲ್ಲ. ನಂಜಮ್ಮನಿಗೆ ಸಿಗದ ಸಂಭ್ರಮ ಅದು.

ನಮ್ಮ ತಕರಾರು ಇಷ್ಟೇ. ಮಗು ಉಳಿದದ್ದಕ್ಕೆ ಹಬ್ಬ ಎಂದಾದರೆ, ಉಳಿಸಿದವರೆಲ್ಲ ಆ ಹಬ್ಬದ ಮನೆಯವರೇ. ಎಣ್ಣೆ ನೀರು ಹಾಕಿದವಳು, ಸೂಜಿ ಹಾಕಿಸಲು ನೆನಪಿಸಿದ ಆಶಾ ಕಾರ್ಯಕರ್ತೆ, ರಾತ್ರಿ ಜ್ವರ ಬಂದಾಗ ತಿಪಟೂರಿನ ಆಸ್ಪತ್ರೆಗೆ ಆಟೋ ಓಡಿಸಿದ ಹುಡುಗ. ಹಳೆಯ ಚಪ್ಪರದ ಊಟಕ್ಕೆ ಇವರೆಲ್ಲ ತಾವಾಗಿಯೇ ಬರುತ್ತಿದ್ದರು. ಹಾಗೆಂದು ಹಳೆಯದೆಲ್ಲ ಚೆನ್ನಾಗಿತ್ತೆಂದಲ್ಲ. ಪಂಕ್ತಿಯಲ್ಲಿ ಯಾರು ಎಲ್ಲಿ ಕೂರಬೇಕು ಎಂಬ ಭೇದ ಆಗಲೂ ಕ್ರೂರವಾಗಿಯೇ ಇತ್ತು. ಈಗ ಆ ಭೇದ ಊಟದ ಪಂಕ್ತಿಯಿಂದ ಎದ್ದು ಫೋಟೋದ ಸಾಲಿಗೆ ಬಂದು ಕೂತಿದೆ. ಅಡುಗೆಮನೆಯವರೆಗೆ ಬರುವ ಬೂಬಮ್ಮ ಆಲ್ಬಮ್ಮಿನವರೆಗೆ ಬರುವುದಿಲ್ಲ. ಇದು ಬರೀ ನೆರೆಯವರ ದೋಷವೂ ಅಲ್ಲ. ನಮ್ಮ ಮನೆಗಳ ಸಮಾರಂಭದ ಚಿತ್ರಗಳನ್ನು ತೆಗೆದು ನೋಡಿ: ಮಕ್ಕಳನ್ನು ಎತ್ತಿ ಆಡಿಸಿದ ಪಕ್ಕದ ಮನೆಯ ಅಕ್ಕ, ಕೆಲಸಕ್ಕೆ ಬರುತ್ತಿದ್ದ ಹೆಂಗಸು ಎಷ್ಟರಲ್ಲಿ ಇದ್ದಾರೆ? ನಾವೂ ನಮ್ಮದನ್ನು ತೆಗೆದು ನೋಡಿದೆವು. ಇರಲಿಲ್ಲ.

ಆ ಚಿತ್ರಗಳನ್ನು ಇಪ್ಪತ್ತು ವರ್ಷದ ಮೇಲೆ ನೋಡುವವನು ಆ ಮಗುವೇ. ತನ್ನನ್ನು ಬೆಳೆಸಿದವರು ಯಾರು ಎಂದು ಅವನು ತಿಳಿಯುವುದು ಅಲ್ಲಿಂದ. ಬೂಬಮ್ಮ ಅಲ್ಲಿಲ್ಲದಿದ್ದರೆ ಅವನ ನೆನಪಿನಲ್ಲೂ ಇರುವುದಿಲ್ಲ. ಆಗ ಯಾರಾದರೂ ಬಂದು ‘ಅವರು ಬೇರೆ, ನಾವು ಬೇರೆ’ ಎಂದರೆ, ಇಲ್ಲ ಎನ್ನಲು ಅವನ ಕೈಯಲ್ಲಿ ಏನು ಉಳಿದಿರುತ್ತದೆ?

ಹೊರಡುವಾಗ ಗೆಳೆಯರು ನಮ್ಮನ್ನು ಅಟ್ಟದ ಹತ್ತಿರ ಕರೆದುಕೊಂಡು ಹೋಗಿದ್ದರು. ಮರದಲ್ಲಿ ಸುಮಾರು ಒಂದು ವರ್ಷ ಬಲಿತ ಕಾಯಿ ಅಟ್ಟದಲ್ಲಿ ಮತ್ತೆ ಹೆಚ್ಚುಕಡಿಮೆ ಅಷ್ಟೇ ಕಾಲ ಕೂರಬೇಕು. ಒಳಗಿನ ನೀರು ಪೂರ್ತಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಸದ್ದು ಕೇಳಬೇಕು. ಆಗ ಅದು ಉಂಡೆ ಕೊಬ್ಬರಿ. ‘ಇವನು ಹುಟ್ಟಿದಾಗ ಕಟ್ಟಿದ ಕಾಯಿ ಇನ್ನೂ ಅಟ್ಟದಲ್ಲೇ ಐತೆ, ಒಣಗಕ್ಕೆ ಇನ್ನೂ ಒಂದು ಬೇಸಿಗೆ ಬೇಕು’ ಎಂದರು. ಅಂದರೆ ಅದು ಮಾರುಕಟ್ಟೆಗೆ ಹೋಗುವುದು ಮಗುವಿನ ಎರಡನೆಯ ಹುಟ್ಟುಹಬ್ಬದ ಸುಮಾರಿಗೆ. ಆಗಲೂ ಕರೆಯುತ್ತಾರೆ, ನಾವೂ ಹೋಗುತ್ತೇವೆ. ಈ ಲೇಖನವನ್ನು ಅವರಿಗೆ ಮೊದಲೇ ಕಳಿಸುತ್ತಿದ್ದೇವೆ. ಓದಿ ಬೇಸರ ಮಾಡಿಕೊಳ್ಳುವ ಜನ ಅವರಲ್ಲ. ಫೋಟೋದವನು ‘ಫ್ಯಾಮಿಲಿ ಮಾತ್ರ’ ಎಂದಾಗ ಬೂಬಮ್ಮನ ಕೈ ಹಿಡಿದು ಎಳೆದು ನಿಲ್ಲಿಸಿಕೊಳ್ಳುವವರು ಅವರೇ ಆಗಲಿ. ಅವರು ಮರೆತರೆ ಈ ಸಲ ನಾವು ಸುಮ್ಮನಿರುವುದಿಲ್ಲ.