ಕ್ಷಾಮದ ಲೆಕ್ಕವೂ ಸರ್ಕಾರದ ಹೊಣೆಯೂ: ಡಿಗ್ಬಿಯವರ ಗ್ರಂಥವನ್ನು ಕುರಿತು ಒಂದು ವಿಮರ್ಶೆ

1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಪೀಡಿಸಿದ ಮಹಾಕ್ಷಾಮವನ್ನು ಮೈಸೂರು ಸೀಮೆಯ ಜನ ಧಾತು ಈಶ್ವರದ ಬರವೆಂದು ಬಹುಕಾಲ ನೆನೆಯುತ್ತಿದ್ದರು. ಆ ಎರಡು ಸಂವತ್ಸರಗಳ ಚರಿತ್ರೆಯನ್ನು ಬರೆಯಹೊರಟವರಿಗೆ ವಿಲಿಯಂ ಡಿಗ್ಬಿಯವರ ‘ದಕ್ಷಿಣ ಇಂಡಿಯಾದ ಕ್ಷಾಮ ಕಾರ್ಯಾಚರಣೆ’ ಎಂಬ ಅರ್ಥದ ಹೆಸರುಳ್ಳ ಆಂಗ್ಲ ಗ್ರಂಥವು ಇಂದಿಗೂ ಅನಿವಾರ್ಯವಾದ ಆಕರವಾಗಿದೆ. ಅದು ಲಂಡನ್ನಿನಲ್ಲಿ ಎರಡು ಸಂಪುಟಗಳಾಗಿ ಅಚ್ಚಾದುದು 1878ರಲ್ಲಿ, ಎಂದರೆ ಕ್ಷಾಮದ ನೆನಪು ಇನ್ನೂ ಹಸಿಯಾಗಿದ್ದಾಗಲೇ. ಗ್ರಂಥಕರ್ತರು ಮದ್ರಾಸಿನ ಪತ್ರಿಕಾ ಸಂಪಾದಕರಾಗಿದ್ದರು. ಇಂಗ್ಲೆಂಡಿನಿಂದ ಬಂದ ದಾನದ್ರವ್ಯವನ್ನು ಹಂಚಿದ ಸಮಿತಿಯ ಕಾರ್ಯದರ್ಶಿಗಳೂ ಆಗಿದ್ದರು. ಈ ಗ್ರಂಥವನ್ನು ಒಂದೇ ಒಂದು ಪ್ರಶ್ನೆಯ ಬೆಳಕಿನಲ್ಲಿ ಪರಿಶೀಲಿಸುವುದು ನಮ್ಮ ಉದ್ದೇಶ. ಸರ್ಕಾರವು ಕೆಲಸ ಕೊಟ್ಟವರ ಸಂಖ್ಯೆ ಒಂದು ಲೆಕ್ಕ. ಸತ್ತವರ ಸಂಖ್ಯೆ ಮತ್ತೊಂದು ಲೆಕ್ಕ. ಈ ಲೆಕ್ಕಗಳು ಆಳುವವರನ್ನು ಉತ್ತರ ಹೇಳುವಂತೆ ಮಾಡುವುದು ಯಾವಾಗ, ಅವರಿಗೆ ಮರೆಯಾಗಿ ಒದಗುವುದು ಯಾವಾಗ?

ಗ್ರಂಥದ ಹೆಸರಿನಿಂದಲೇ ವಿಮರ್ಶೆಯನ್ನು ಆರಂಭಿಸಬಹುದು. ಡಿಗ್ಬಿಯವರು ಬಳಸಿರುವ ಮಾತು ದಂಡಯಾತ್ರೆಗೆ ಸಂಬಂಧಪಟ್ಟದ್ದು. ಯುದ್ಧದ ಕಥೆಯಲ್ಲಿ ಸೇನಾಪತಿಗಳ ಹೆಸರುಗಳು ಉಳಿಯುವಂತೆ ಇಲ್ಲಿಯೂ ಗವರ್ನರುಗಳು, ಕಮಿಷನರುಗಳು, ಎಂಜಿನಿಯರುಗಳು ಪಾತ್ರಧಾರಿಗಳಾಗಿದ್ದಾರೆ. ಹಸಿದವರು ಸಂಖ್ಯೆಗಳಾಗಿ ಮಾತ್ರ ಕಾಣಿಸಿಕೊಳ್ಳುತ್ತಾರೆ. ಇದು ಗ್ರಂಥದ ದೊಡ್ಡ ಕೊರತೆ. ಆದರೆ ಅದರ ದೊಡ್ಡ ಗುಣವೂ ಇದಕ್ಕೇ ಹೊಂದಿಕೊಂಡಿದೆ. ಅಧಿಕಾರಿಗಳ ನಡುವೆ ನಡೆದ ವಾದವನ್ನು ಡಿಗ್ಬಿಯವರು ಮುಚ್ಚಿಡಲಿಲ್ಲ. ಎರಡೂ ಪಕ್ಷಗಳ ಟಿಪ್ಪಣಿಗಳನ್ನು ಧಾರಾಳವಾಗಿ ಅಚ್ಚು ಮಾಡಿದರು. ಆದ್ದರಿಂದ ಅವರ ಅಭಿಪ್ರಾಯಗಳನ್ನು ಒಪ್ಪದವರೂ ಅವರ ಪುಸ್ತಕದಿಂದಲೇ ತಮ್ಮ ತೀರ್ಪನ್ನು ರೂಪಿಸಿಕೊಳ್ಳಬಹುದು.

ಆ ವಾದದಲ್ಲಿ ಒಂದು ಪಕ್ಷ ಸರ್ ರಿಚರ್ಡ್ ಟೆಂಪಲ್ ಅವರದು. 1873–74ರಲ್ಲಿ ಬಿಹಾರ ಬಂಗಾಳಗಳಲ್ಲಿ ಬರ ಬಂದಾಗ ಬರ್ಮಾದಿಂದ ಅಕ್ಕಿ ತರಿಸಿ ಜನರನ್ನು ಉಳಿಸಿದವರಲ್ಲಿ ಟೆಂಪಲ್ ಅವರೂ ಒಬ್ಬರು. ಆಗ ಸತ್ತವರು ಅತ್ಯಲ್ಪ. ಆದರೆ ದುಂದುವೆಚ್ಚ ಮಾಡಿದರೆಂಬ ಆಪಾದನೆಯನ್ನು ಅವರು ಹೊರಬೇಕಾಯಿತು. 1877ರ ಜನವರಿಯಲ್ಲಿ ವೈಸರಾಯ್ ಲಾರ್ಡ್ ಲಿಟ್ಟನ್ ಅವರು ಅವರನ್ನೇ ಇಂಡಿಯಾ ಸರ್ಕಾರದ ಪ್ರತಿನಿಧಿಯಾಗಿ ದಕ್ಷಿಣಕ್ಕೆ ಕಳುಹಿಸಿದರು. ಈ ಸಲ ಅವರಿಗೆ ಒಪ್ಪಿಸಿದ್ದ ಕಾರ್ಯ ಮಿತವ್ಯಯ. ಪರಿಹಾರ ಕಾಮಗಾರಿಗಳಲ್ಲಿ ದುಡಿಯುತ್ತಿದ್ದ ಗಂಡಾಳಿಗೆ ದಿನಕ್ಕೆ ಒಂದೂವರೆ ಪೌಂಡು ಧಾನ್ಯ ಬೇಕೆಂದು ಲೆಕ್ಕ ಹಾಕುತ್ತಿದ್ದ ಕಡೆ, ಒಂದು ಪೌಂಡು ಧಾನ್ಯ ಮತ್ತು ಒಂದು ಆಣೆ ಸಾಕೆಂದು ಟೆಂಪಲ್ ಅವರು ಗೊತ್ತುಪಡಿಸಿದರು. ಹೆಂಗಸರಿಗೂ ಮಕ್ಕಳಿಗೂ ಇನ್ನೂ ಕಡಿಮೆ. ಮನೆಯಿಂದ ಹತ್ತು ಮೈಲಿ ದೂರದ ಕಾಮಗಾರಿಗೆ ಹೋಗಲು ಸಿದ್ಧರಿರುವವರೇ ನಿಜವಾಗಿ ನಿರ್ಗತಿಕರೆಂಬ ದೂರದ ಪರೀಕ್ಷೆಯನ್ನೂ ಅವರು ಎತ್ತಿಹಿಡಿದರು. ಪಟ್ಟಿಗಳಿಂದ ಬಹುಸಂಖ್ಯೆಯ ಜನರನ್ನು ತೆಗೆಯಲಾಯಿತು.

ಇಲ್ಲಿ ಚರಿತ್ರಕಾರನು ಒಂದು ಕ್ಷಣ ನಿಲ್ಲಬೇಕು. ಪಟ್ಟಿಯಲ್ಲಿ ಹೆಸರುಗಳು ಕಡಿಮೆಯಾದುದು ಅಂಕಿಯ ಮಟ್ಟಿಗೆ ಸತ್ಯ. ಆದರೆ ಆ ಅಂಕಿಯ ಅರ್ಥವೇನು? ಕೆಲಸ ಬೇಡವೆಂದು ಜನ ಊರಿಗೆ ಮರಳಿದರೆ, ಮಳೆ ಬಂದು ಹೊಲಕ್ಕೆ ಹೋದರೆ, ಕೂಲಿ ಸಾಲದೆ ಅಲೆಯಹೊರಟರೆ, ಗುದ್ದಲಿ ಎತ್ತಲಾರದೆ ಮಲಗಿದರೆ, ನಾಲ್ಕು ಸಂದರ್ಭಗಳಲ್ಲಿಯೂ ಕಾಮಗಾರಿಯ ಹಾಜರಿ ಪುಸ್ತಕದಲ್ಲಿ ಬೀಳುವುದು ಒಂದೇ ಗೆರೆ. ಕೂಲಿಯನ್ನು ನಿಗದಿ ಮಾಡುವವರೂ ಹಾಜರಿಯನ್ನು ಎಣಿಸುವವರೂ ಆ ಸಂಖ್ಯೆಯಿಂದ ತಮ್ಮ ಮಿತವ್ಯಯವನ್ನು ಸಮರ್ಥಿಸಿಕೊಳ್ಳುವವರೂ ಒಂದೇ ಆಡಳಿತದವರಾದಾಗ, ಸಂಖ್ಯೆಯ ಇಳಿತವು ಸುಭಿಕ್ಷದ ಲಕ್ಷಣವೆಂದು ವರದಿಯಾಗುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಎದುರು ಪಕ್ಷದಲ್ಲಿ ನಿಂತವರು ಮದ್ರಾಸಿನ ಆರೋಗ್ಯ ಕಮಿಷನರಾಗಿದ್ದ ಡಾಕ್ಟರ್ ಕಾರ್ನಿಷ್ ಅವರು. 1871ರ ಮದ್ರಾಸು ಖಾನೇಷುಮಾರಿಯ ವರದಿಯನ್ನು ಬರೆದವರೂ ಅವರೇ ಎಂಬುದನ್ನು ಇಲ್ಲಿ ನೆನೆಯಬೇಕು. ಬದುಕಿದ್ದವರನ್ನು ಒಮ್ಮೆ ಎಣಿಸಿದ್ದವರಿಗೆ ಸತ್ತವರ ಲೆಕ್ಕವನ್ನು ಅಳೆಯುವ ಮಾನದಂಡ ಕೈಯಲ್ಲಿತ್ತು. ಒಂದು ಪೌಂಡಿನಲ್ಲಿ ಮನುಷ್ಯನು ಮಣ್ಣು ಹೊತ್ತು ಬದುಕಲಾರನು. ಒಂದೂವರೆ ಪೌಂಡು ಧಾನ್ಯವೂ ಅದರ ಮೇಲೆ ಬೇಳೆ ತರಕಾರಿಗಳೂ ಬೇಕು ಎಂಬುದು ಅವರ ನಿಲುವು. ಇದಕ್ಕೆ ಅವರು ಶರೀರಶಾಸ್ತ್ರವನ್ನೂ ಸೆರೆಮನೆಗಳ ಆಹಾರದ ಅನುಭವವನ್ನೂ ಆಧಾರ ಮಾಡಿಕೊಂಡರು. ಕೊನೆಗೆ ಮದ್ರಾಸು ಸರ್ಕಾರವು 1877ರಲ್ಲಿಯೇ ಪಡಿಯನ್ನು ಸ್ವಲ್ಪ ಹೆಚ್ಚಿಸಿತು. ಕಾರ್ನಿಷ್ ಅವರು ಕೇಳಿದಷ್ಟು ಸಿಕ್ಕಲಿಲ್ಲ. ಆದರೆ ಟೆಂಪಲ್ ಅವರ ಕೂಲಿ ಶಾಸನವಾಗಿ ನಿಲ್ಲಲೂ ಇಲ್ಲ.

ಕಾರ್ನಿಷ್ ಅವರ ಕಾರ್ಯದ ಮಹತ್ವವು ಅವರ ಕರುಣೆಯಲ್ಲಿ ಮಾತ್ರ ಇದೆಯೆಂದು ನಾವು ಭಾವಿಸುವುದಿಲ್ಲ. ಟೆಂಪಲ್ ಅವರೂ ಕ್ರೂರಿಗಳೆಂದು ತಿಳಿಯಲು ಬಿಹಾರದ ಚರಿತ್ರೆ ಅವಕಾಶ ಕೊಡುವುದಿಲ್ಲ. ವ್ಯತ್ಯಾಸವಿರುವುದು ಲೆಕ್ಕವನ್ನು ನೋಡಿದ ರೀತಿಯಲ್ಲಿ. ಟೆಂಪಲ್ ಅವರ ಮುಂದೆ ಇದ್ದುದು ಕೆಲಸದ ಪಟ್ಟಿ ಮತ್ತು ಬೊಕ್ಕಸದ ಪುಸ್ತಕ. ಕಾರ್ನಿಷ್ ಅವರು ಅವುಗಳ ಪಕ್ಕದಲ್ಲಿ ದೇಹದ ಲೆಕ್ಕವನ್ನು ಇಟ್ಟರು. ಕೆಲಸ ಕೊಟ್ಟೆವೆಂಬ ಮಾತು ನಿಜವೇ ಎಂಬುದನ್ನು ಕೆಲಸದ ಪಟ್ಟಿಯಿಂದ ತಿಳಿಯಬಹುದು. ಆ ಕೆಲಸ ಜೀವ ಉಳಿಸಿತೇ ಎಂಬುದನ್ನು ಮರಣದ ಪಟ್ಟಿಯಿಂದಲ್ಲದೆ ತಿಳಿಯಲಾಗದು. ಹಣವನ್ನು ಖರ್ಚು ಮಾಡುವ ಇಲಾಖೆಗೆ ಅಧೀನನಲ್ಲದ ಒಬ್ಬ ಅಧಿಕಾರಿ ಎರಡನೆಯ ಲೆಕ್ಕವನ್ನು ಇಟ್ಟುಕೊಂಡಿದ್ದುದರಿಂದಲೇ ವಾದವು ಸಾಧ್ಯವಾಯಿತು.

ಹೀಗೆಂದು ಮರಣದ ಲೆಕ್ಕವನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ಅದರ ಮೂಲ ಹಳ್ಳಿಯ ಪುಸ್ತಕ. ಗ್ರಾಮಾಧಿಕಾರಿಯೇ ಸತ್ತ ಅಥವಾ ಊರು ಬಿಟ್ಟ ಕಡೆ ಬರೆಯುವವರು ಯಾರು? ದಾರಿಯಲ್ಲಿ ಬಿದ್ದು ಸತ್ತ ಪರವೂರಿನವನು ಯಾವ ಊರಿನ ಪುಸ್ತಕಕ್ಕೆ ಸೇರುತ್ತಾನೆ? ಮರಣಗಳು ಹೆಚ್ಚಿದಂತೆಲ್ಲ ಅವುಗಳನ್ನು ಬರೆಯುವ ವ್ಯವಸ್ಥೆಯೂ ಕುಸಿಯುತ್ತದೆ. ಹೀಗಾಗಿ ಇಂಥ ಪಟ್ಟಿಗಳು ತಪ್ಪಿದರೆ ಬಹುಮಟ್ಟಿಗೆ ಒಂದೇ ದಿಕ್ಕಿಗೆ, ಎಂದರೆ ಕಡಿಮೆಯ ಕಡೆಗೆ, ತಪ್ಪುತ್ತವೆ. ಡಿಗ್ಬಿಯವರು ಈ ದೋಷವನ್ನು ಬಲ್ಲರು. ಆದರೂ ತಮ್ಮದೇ ಸಮಿತಿಯ ದಾನಕಾರ್ಯವನ್ನು ವರ್ಣಿಸುವಾಗ, ಇತರರ ಅಂಕಿಗಳಿಗೆ ಒಡ್ಡಿದ ಪರೀಕ್ಷೆಯನ್ನು ತಮ್ಮ ಅಂಕಿಗಳಿಗೆ ಒಡ್ಡುವುದಿಲ್ಲ. ಹಂಚಿದ ಹಣದ ಮೊತ್ತವು ಉಳಿದ ಜೀವಗಳ ಮೊತ್ತವೆಂಬಂತೆ ಅವರ ಲೇಖನಿ ಓಡುತ್ತದೆ.

ಮೈಸೂರಿನ ವಿಷಯದಲ್ಲಿ ಗ್ರಂಥವು ಇನ್ನೂ ತೆಳುವಾಗಿದೆಯೆಂದು ನಮಗೆ ತೋರುತ್ತದೆ. ಆಗ ಸಂಸ್ಥಾನವು ಆಂಗ್ಲ ಕಮಿಷನರುಗಳ ಆಳ್ವಿಕೆಯಲ್ಲಿತ್ತು. 1877ರ ಸೆಪ್ಟೆಂಬರಿನಲ್ಲಿ ಲಿಟ್ಟನ್ ಅವರು ಇಲ್ಲಿಗೆ ಬಂದ ಸುಮಾರಿಗೆ ಆಡಳಿತದ ಕ್ರಮ ಬದಲಾಗಿ, ಎಲಿಯಟ್ ಅವರು ಕ್ಷಾಮ ಕಮಿಷನರಾದರು. ಮುಂದೆ ಮೈಸೂರಿನ ಕ್ಷಾಮವನ್ನು ಕುರಿತು ವರದಿ ಬರೆದವರೂ ಅವರೇ. ಬೆಂಗಳೂರು ಮೈಸೂರು ರೈಲು ದಾರಿಯ ಮಣ್ಣಿನ ಕೆಲಸವು ಈ ಕ್ಷಾಮದ ಕಾಮಗಾರಿಯಾಗಿ ಆರಂಭವಾಯಿತು. 1882ರಲ್ಲಿ ಮೈಸೂರಿನವರೆಗೆ ಗಾಡಿ ಓಡಿತು. ಆ ದಾರಿಯಲ್ಲಿ ಇಂದು ಪ್ರಯಾಣ ಮಾಡುವವರಿಗೆ ಏರಿಯ ಮೇಲೆ ಬುಟ್ಟಿ ಹೊತ್ತವರ ಲೆಕ್ಕವನ್ನು ಹೇಳುವ ಒಂದು ಕಲ್ಲೂ ಕಣ್ಣಿಗೆ ಬೀಳುವುದಿಲ್ಲ.

ಆ ಲೆಕ್ಕ ಬಯಲಾದದ್ದು ಖಾನೇಷುಮಾರಿಯಿಂದ. 1871ರಲ್ಲಿ ಮೈಸೂರಿನ ಜನಸಂಖ್ಯೆ 50,55,412, 1881ರಲ್ಲಿ 41,86,188. ಹತ್ತು ವರ್ಷಗಳಲ್ಲಿ 8,69,224 ಜನ ಕಡಿಮೆಯಾದರು. ಎಂದರೆ ನೂರಕ್ಕೆ ಹದಿನೇಳು. ಈ ಕೊರತೆಯನ್ನೆಲ್ಲ ಹಸಿವಿನ ಸಾವೆಂದು ಎಣಿಸುವುದು ಅವಸರವಾದೀತು. ಹೊರನಾಡಿಗೆ ಹೋದವರೂ ಹುಟ್ಟದೆ ಉಳಿದ ಮಕ್ಕಳೂ ಇದರಲ್ಲಿ ಸೇರಿದ್ದಾರೆ. ಹಾಗೆಯೇ 1871ರಿಂದ ಕ್ಷಾಮದವರೆಗೆ ಜನಸಂಖ್ಯೆ ಬೆಳೆದಿದ್ದರೆ ಆ ಬೆಳವಣಿಗೆಯೂ ಈ ಕೊರತೆಯೊಳಗೆ ಮುಳುಗಿಹೋಗಿದೆ. ಆದರೆ ಒಂದು ಮಾತು ನಿಸ್ಸಂದೇಹ. ಡಿಗ್ಬಿಯವರ ಪುಸ್ತಕ ಅಚ್ಚಾದಾಗ ಈ ಸಂಖ್ಯೆ ಯಾರಿಗೂ ತಿಳಿದಿರಲಿಲ್ಲ. ತಿಳಿಯುವ ಹೊತ್ತಿಗೆ ಕ್ಷಾಮಕಾಲದ ವೈಸರಾಯರು ಅಧಿಕಾರ ಬಿಟ್ಟಿದ್ದರು. ಟೆಂಪಲ್ ಅವರು ಬೊಂಬಾಯಿಯ ಗವರ್ನರಾಗಿದ್ದು ಅದನ್ನೂ ಮುಗಿಸಿಕೊಂಡು ಹೊರಟಿದ್ದರು. ತಡವಾಗಿ ಬಂದ ಸತ್ಯವು ಚರಿತ್ರಕಾರನಿಗೆ ಸಾಕು, ಹಸಿದವನಿಗೆ ಸಾಲದು.

ಡಿಗ್ಬಿಯವರ ಗ್ರಂಥದಲ್ಲಿ ತಕ್ಕ ಸ್ಥಾನ ದೊರೆಯದ ಇನ್ನೊಂದು ಸಾಕ್ಷಿಯಿದೆ. ಬೊಂಬಾಯಿ ಪ್ರಾಂತದಲ್ಲಿ, ಅದಕ್ಕೆ ಆಗ ಸೇರಿದ್ದ ಧಾರವಾಡ ಕಲಾದಗಿ ಜಿಲ್ಲೆಗಳನ್ನೂ ಕ್ಷಾಮವು ತಟ್ಟಿತ್ತು. ಕೂಲಿಯನ್ನು ಇಳಿಸಿದಾಗ ಆ ಪ್ರಾಂತದ ಅನೇಕ ಕಡೆ ಜನ ಕಾಮಗಾರಿಗಳನ್ನೇ ತೊರೆದರು. ಗಣೇಶ ವಾಸುದೇವ ಜೋಶಿ, ಮಹಾದೇವ ಗೋವಿಂದ ರಾನಡೆ ಮೊದಲಾದವರಿದ್ದ ಪುಣೆಯ ಸಾರ್ವಜನಿಕ ಸಭೆಯು ಹಳ್ಳಿಗಳಿಂದ ವರ್ತಮಾನ ತರಿಸಿ ಸರ್ಕಾರಕ್ಕೆ ಬಿನ್ನವತ್ತಳೆಗಳನ್ನು ಕಳುಹಿಸಿತು. ಇವರು ಸಂಬಳ ಪಡೆದು ಎಣಿಸಿದವರಲ್ಲ. ಕೆಲಸ ಬಿಟ್ಟು ಹೋದವನು ಸೋಮಾರಿಯೋ ಅನ್ಯಾಯಕ್ಕೆ ಒಳಗಾದವನೋ ಎಂಬುದನ್ನು ಅವನನ್ನೇ ಕೇಳಿ ಬರೆಯುವ ಪದ್ಧತಿ ನಮ್ಮ ದೇಶದಲ್ಲಿ ಇಂಥ ಪ್ರಯತ್ನಗಳಿಂದ ಬೆಳೆಯಿತೆನ್ನಬಹುದು.

ಈ ವಾದಗಳ ಫಲ ಶೂನ್ಯವಾಗಲಿಲ್ಲ. ಸ್ಟ್ರೇಚಿಯವರ ಅಧ್ಯಕ್ಷತೆಯ ಕ್ಷಾಮ ಆಯೋಗವು 1880ರಲ್ಲಿ ವರದಿ ಕೊಟ್ಟಿತು. ಆಂಗ್ಲ ಪ್ರಾಂತಗಳಲ್ಲಿ ಸಾಮಾನ್ಯಕ್ಕಿಂತ ಹೆಚ್ಚಾಗಿ ಸತ್ತವರು ಐವತ್ತೆರಡೂವರೆ ಲಕ್ಷವೆಂದು ಸರ್ಕಾರದ ಆಯೋಗವೇ ಒಪ್ಪಿಕೊಂಡಿತು. ಅದರ ಸಲಹೆಯ ಮೇಲೆ ಕ್ಷಾಮ ಸಂಹಿತೆಗಳು ರಚಿತವಾದವು. ಮೈಸೂರಿನಲ್ಲಿ 1881ರ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಅವರ ಮುಂದೆ 144 ಮಂದಿ ಸದಸ್ಯರ ಪ್ರಜಾಪ್ರತಿನಿಧಿ ಸಭೆ ಸೇರಿತು. ಸಭೆಗೆ ಅಧಿಕಾರವಿರಲಿಲ್ಲ; ಆದರೆ ವರ್ಷಕ್ಕೊಮ್ಮೆ ಆಡಳಿತದ ಲೆಕ್ಕವನ್ನು ದಿವಾನರು ಅದರ ಮುಂದೆ ಓದಬೇಕಾಗಿತ್ತು. ಆರನೆಯ ಒಂದು ಭಾಗ ಜನವನ್ನು ಕಳೆದುಕೊಂಡ ಸಂಸ್ಥಾನದಲ್ಲಿ ಈ ರೂಢಿ ಆರಂಭವಾಯಿತೆಂಬುದನ್ನು ಮರೆತರೆ ಅದರ ಬೆಲೆ ನಮಗೆ ತಿಳಿಯದು.

ಆದರೆ ಸಂಹಿತೆಯಿದ್ದ ಮಾತ್ರಕ್ಕೆ ಹೊಣೆ ತಾನಾಗಿ ಬರುವುದಿಲ್ಲ. 1943ರಲ್ಲಿ ಬಂಗಾಳದಲ್ಲಿ ಜನ ಬೀದಿಗಳಲ್ಲಿ ಸಾಯುತ್ತಿದ್ದಾಗಲೂ ಸಂಹಿತೆಯ ಪ್ರಕಾರ ಕ್ಷಾಮವನ್ನು ಘೋಷಿಸಲಿಲ್ಲ. ಹದಿನೈದು ಲಕ್ಷ ಜನ ಸತ್ತರೆಂದು 1945ರಲ್ಲಿ ವಿಚಾರಣಾ ಆಯೋಗ ಹೇಳಿತು. ಅದು ಕಡಿಮೆಯ ಅಂದಾಜೆಂದು ಅನಂತರದ ವಿದ್ವಾಂಸರ ಅಭಿಪ್ರಾಯ.

ಪ್ರಜಾಪ್ರಭುತ್ವದಲ್ಲಿಯೂ ಈ ಪ್ರಶ್ನೆ ಮುಗಿದಿಲ್ಲವೆಂಬುದಕ್ಕೆ ಎರಡು ನಿದರ್ಶನಗಳು ಸಾಕು. 2017–18ರ ಉದ್ಯೋಗ ಸಮೀಕ್ಷೆಯ ವರದಿ ಹೊರಬಾರದೆ ಉಳಿದಾಗ, 2019ರ ಜನವರಿಯಲ್ಲಿ ರಾಷ್ಟ್ರೀಯ ಸಂಖ್ಯಾಶಾಸ್ತ್ರ ಆಯೋಗದ ಇಬ್ಬರು ಸದಸ್ಯರು ರಾಜೀನಾಮೆ ಕೊಟ್ಟರು. ನಿರುದ್ಯೋಗವು ನೂರಕ್ಕೆ 6.1 ಎಂದು ಹೇಳಿದ ಆ ವರದಿ ಪ್ರಕಟವಾದುದು ಮೇ 31ರಂದು, ಲೋಕಸಭೆಯ ಚುನಾವಣೆ ಮುಗಿದ ಮೇಲೆ. ಹಳೆಯ ಸಮೀಕ್ಷೆಗಳೊಡನೆ ಇದನ್ನು ಹೋಲಿಸಬಾರದೆಂಬ ಸರ್ಕಾರದ ವಾದದಲ್ಲಿ ಹುರುಳಿರಬಹುದು. ಆದರೆ ಅದು ವರದಿಯ ಜೊತೆಗೆ ಅಚ್ಚಾಗಬೇಕಾದ ಟಿಪ್ಪಣಿ. ವರದಿಯನ್ನು ತಡೆಯುವ ಕಾರಣವಲ್ಲ. ಎರಡನೆಯದು ಕೋವಿಡ್ ಪಿಡುಗು. 2021ರ ಕೊನೆಯವರೆಗೆ ಅದರಿಂದ ಸತ್ತವರು ಸುಮಾರು 4.8 ಲಕ್ಷವೆಂದು ಸರ್ಕಾರದ ಲೆಕ್ಕ. 2020–21ರ ಹೆಚ್ಚುವರಿ ಸಾವುಗಳು ಸುಮಾರು 47 ಲಕ್ಷವೆಂದು ವಿಶ್ವ ಆರೋಗ್ಯ ಸಂಸ್ಥೆಯ 2022ರ ಅಂದಾಜು. ಸರ್ಕಾರವು ಆ ಅಂದಾಜಿನ ವಿಧಾನವನ್ನು ಆಕ್ಷೇಪಿಸಿತು. ದೇಶದಲ್ಲಿ ನೋಂದಣಿಯಾದ ಒಟ್ಟು ಸಾವುಗಳು 2020ರಲ್ಲಿ ಸುಮಾರು 81 ಲಕ್ಷವಿದ್ದು 2021ರಲ್ಲಿ ಸುಮಾರು 102 ಲಕ್ಷಕ್ಕೆ ಏರಿದುವೆಂಬ ಸರ್ಕಾರದ್ದೇ ಅಂಕಿ ಹೊರಬಂದುದು 2025ರ ಮೇ ತಿಂಗಳಲ್ಲಿ. ಈ ಏರಿಕೆಯಲ್ಲಿ ನೋಂದಣಿ ಸುಧಾರಿಸಿದ್ದರ ಪಾಲು ಎಷ್ಟು, ಪಿಡುಗಿನ ಪಾಲು ಎಷ್ಟು ಎಂಬುದು ನಿಜವಾದ ಪ್ರಶ್ನೆಯೇ. ಆದರೆ ಆ ಪ್ರಶ್ನೆಯನ್ನು ಕೇಳಲು ನಾಡು ನಾಲ್ಕು ವರ್ಷ ಕಾಯಬೇಕಾಯಿತು.

ಧಾತು ಈಶ್ವರದ ಹಸಿವಿಗೂ ನಮ್ಮ ಕಾಲದ ಪಿಡುಗಿಗೂ ಸಮನೆಂದು ನಾವು ಹೇಳುತ್ತಿಲ್ಲ. ಇಂದಿನ ಪ್ರಜೆಗೆ ಮತವಿದೆ, ನ್ಯಾಯಾಲಯವಿದೆ, ಪತ್ರಿಕೆಯಿದೆ. ಆದರೆ ಆಧಾರಪರೀಕ್ಷೆಯ ನಿಯಮ ಎರಡು ಕಾಲಕ್ಕೂ ಒಂದೇ. ಎಣಿಸಿದವರು ಯಾರು, ಅವರಿಗೆ ಅದರಿಂದ ಲಾಭವಿತ್ತೇ ಎಂದು ಮೊದಲು ಕೇಳಬೇಕು. ಅಂಕಿ ಯಾವಾಗ ಪ್ರಕಟವಾಯಿತು, ಅದರಿಂದ ಇನ್ನೂ ಏನನ್ನಾದರೂ ಸರಿಪಡಿಸಬಹುದಾಗಿತ್ತೇ ಎಂದು ಆಮೇಲೆ ಕೇಳಬೇಕು. ಕೆಲಸದ ಲೆಕ್ಕವನ್ನು ಆರೋಗ್ಯದ ಲೆಕ್ಕದ ಪಕ್ಕದಲ್ಲಿ ಇಟ್ಟು ನೋಡಲಾಯಿತೇ ಎಂಬುದು ಮೂರನೆಯ ಪ್ರಶ್ನೆ.

ಡಿಗ್ಬಿಯವರ ಗ್ರಂಥವು ಈ ಮೂರು ಪ್ರಶ್ನೆಗಳಿಗೂ ಪೂರ್ಣವಾಗಿ ಉತ್ತರ ಕೊಡುವುದಿಲ್ಲ. ಆದರೆ ಅವುಗಳನ್ನು ಕೇಳಲು ಬೇಕಾದ ಕಾಗದಗಳನ್ನು ಉಳಿಸಿಕೊಟ್ಟಿದೆ. ಅವರೇ 1901ರಲ್ಲಿ ಇಂಡಿಯಾದ ದಾರಿದ್ರ್ಯವನ್ನು ಕುರಿತು ಇನ್ನೊಂದು ಗ್ರಂಥ ಬರೆದಾಗ ಸರ್ಕಾರದ ದಾಖಲೆಗಳಿಂದಲೇ ಸರ್ಕಾರವನ್ನು ಪ್ರಶ್ನಿಸಿದರು. ನಮ್ಮ ವಿಭಾಗದ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೊಂದು ಇಲ್ಲಿ ಕಾದಿದೆ. ಮೈಸೂರು ಸೀಮೆಯ ಒಂದು ತಾಲ್ಲೂಕನ್ನು ಆರಿಸಿಕೊಂಡು, ಉಳಿದುಬಂದಿರುವಷ್ಟು ಕಾಮಗಾರಿ ಪಟ್ಟಿಗಳನ್ನೂ ಮರಣದ ಲೆಕ್ಕಗಳನ್ನೂ ತಿಂಗಳು ತಿಂಗಳಾಗಿ ಜೊತೆಗಿಟ್ಟು ಓದಬೇಕು. ಕೆಲಸದ ಸಂಖ್ಯೆ ಇಳಿದ ತಿಂಗಳಲ್ಲಿ ಮರಣದ ಸಂಖ್ಯೆ ಏನಾಯಿತೆಂಬುದನ್ನು ಹೀಗೆ ಗೊತ್ತುಮಾಡಿದರೆ, ಟೆಂಪಲ್ ಕಾರ್ನಿಷ್ ಅವರ ವಾದಕ್ಕೆ ನಮ್ಮ ನಾಡಿನ ಮಟ್ಟಿಗಾದರೂ ಒಂದು ಉತ್ತರ ದೊರೆಯುವುದು.