ಪತ್ರದ ಮೂಲಪಾಠ

ತೆರೆಯ ಮೇಲೆ ನಾವು ಓದುವ ಇಮೇಲು ಒಂದು ವ್ಯಾಖ್ಯಾನ. ಅದರ ಮೂಲಪಾಠವು ಬೇರೆಯಾಗಿಯೇ ಇರುತ್ತದೆ. ಬರೆದವರ ಹೆಸರು, ದಿನಾಂಕ, ವಿಷಯ, ಒಕ್ಕಣೆ, ಜೊತೆಗಿಟ್ಟ ಭಾವಚಿತ್ರ, ಇವೆಲ್ಲವೂ ಜಾಲದಲ್ಲಿ ಹರಿದು ಬರುವಾಗ ಒಂದೇ ಅಖಂಡವಾದ ಅಕ್ಷರಪ್ರವಾಹವಾಗಿದ್ದು, ಅದನ್ನು ಸಾಲುಸಾಲಾಗಿ ಬಿಡಿಸಿ, ಇದು ಶಿರೋಭಾಗ, ಇದು ಒಡಲು, ಇದು ಲಗತ್ತು ಎಂದು ವಿಂಗಡಿಸಿ ನಮ್ಮ ಮುಂದೆ ಇರಿಸುವ ಕಾರ್ಯವು ಪಾರ್ಸರ್ ಎಂಬ ತಂತ್ರಾಂಶದ ಪಾಲಿಗೆ ಬಂದಿದೆ. ಹೆಚ್ಚಿನ ಇಮೇಲ್ ಸೇವೆಗಳಲ್ಲಿ ಮೂಲರೂಪವನ್ನು ತೋರಿಸುವ ಆಯ್ಕೆಯೊಂದು ಮೆನುವಿನಲ್ಲಿ ಉಂಟು. ಅದನ್ನು ಒತ್ತಿ, ಆ ದಟ್ಟವಾದ ಸಾಲುಗಳನ್ನು ನಿಧಾನವಾಗಿ ಓದುವ ಅಭ್ಯಾಸವುಳ್ಳವನಿಗೆ ದೊರೆಯುವ ಸಂತೋಷವು ಸಾಮಾನ್ಯವಾದುದಲ್ಲ. ಪತ್ರವು ಹಾದುಬಂದ ಒಂದೊಂದು ಸರ್ವರೂ ತನ್ನ ಮುದ್ರೆಯನ್ನು ಎಲ್ಲಕ್ಕಿಂತ ಮೇಲೆ ಒತ್ತುವುದರಿಂದ, ಅದರ ಪ್ರಯಾಣದ ಕಥೆಯನ್ನು ಅರಿಯಬೇಕಾದವನು ಕೆಳಗಿನಿಂದ ಮೇಲಕ್ಕೆ ಓದಬೇಕು.

ಈ ಪತ್ರಗಳಿಗೆ ಒಂದು ವ್ಯಾಕರಣವಿದೆ. ಆರ್ಪಾನೆಟ್ಟಿನ ದಿನಗಳಲ್ಲಿ, 1977ರಲ್ಲಿ, ಒಂದು ರೂಪವನ್ನು ತಳೆದು, 1982ರಲ್ಲಿ ಡೇವಿಡ್ ಕ್ರಾಕರ್ ಅವರ ಕೈಯಲ್ಲಿ ಪರಿಷ್ಕಾರಗೊಂಡು ಆರ್‌ಎಫ್‌ಸಿ 822 ಎಂಬ ಹೆಸರಿನಿಂದ ಪ್ರಸಿದ್ಧವಾದ ಆ ಶಾಸ್ತ್ರವು, 2001ರಲ್ಲಿಯೂ 2008ರಲ್ಲಿಯೂ ತಿದ್ದುಪಡಿಗಳನ್ನು ಪಡೆದು ಇಂದಿಗೂ ಪ್ರಮಾಣವಾಗಿ ನಿಂತಿದೆ. ಅದರ ಮೂಲಸೂತ್ರಗಳು ಬಹು ಸರಳ. ಶಿರೋಭಾಗದಲ್ಲಿ ಮೊದಲು ಒಂದು ಹೆಸರು, ಬಳಿಕ ಎರಡು ಚುಕ್ಕೆಗಳ ವಿವರಣಚಿಹ್ನೆ, ಆಮೇಲೆ ವಿವರ, ಸಾಲು ಉದ್ದವಾದರೆ ಮುರಿದು, ಮುಂದಿನ ಸಾಲಿನ ಆದಿಯಲ್ಲಿ ಒಂದು ತೆರಪು, ಶಿರೋಭಾಗವು ಮುಗಿದೊಡನೆ ಒಂದು ಖಾಲಿ ಸಾಲು, ಉಳಿದುದೆಲ್ಲ ಒಡಲು. ಇಷ್ಟನ್ನು ಒಂದು ಸಂಜೆಯಲ್ಲಿ ಯಾರಾದರೂ ಕಲಿಯಬಹುದು.

ಕಷ್ಟವು ವಿಳಾಸಗಳಲ್ಲಿ ತೊಡಗುತ್ತದೆ. ವಿಳಾಸದ ನಡುವೆ ಕಂಸವಿಟ್ಟು ಟಿಪ್ಪಣಿಯನ್ನು ಬರೆಯಬಹುದು. ಆ ಕಂಸದೊಳಗೆ ಮತ್ತೊಂದು ಕಂಸ, ಅದರೊಳಗೆ ಇನ್ನೊಂದು, ಹೀಗೆ ಎಷ್ಟು ಆಳಕ್ಕಾದರೂ ಇಳಿಯಬಹುದಾದ ಕಾರಣ, ಅಕ್ಷರವಿನ್ಯಾಸಗಳನ್ನು ಗುರುತಿಸುವ ಸೂತ್ರವಾದ ಶಾಸ್ತ್ರೀಯ ರೆಗ್ಯುಲರ್ ಎಕ್ಸ್‌ಪ್ರೆಶನ್ ಒಂದರಿಂದಲೇ ಇಮೇಲ್ ವಿಳಾಸವನ್ನು ಸಂಪೂರ್ಣವಾಗಿ ಗ್ರಹಿಸುತ್ತೇನೆಂಬುದು ಸಲ್ಲದ ಆಶೆ. ಹೆಸರಿನಲ್ಲಿ ಅಲ್ಪವಿರಾಮವಿದ್ದು, ಅದಕ್ಕೆ ಉದ್ಧರಣಚಿಹ್ನೆಯ ರಕ್ಷಣೆ ಇದ್ದರೂ ಅದನ್ನು ಲಕ್ಷಿಸದೆ, ಅಲ್ಪವಿರಾಮ ಕಂಡಲ್ಲೆಲ್ಲ ಕತ್ತರಿಸುವ ಅವಿಚಾರಿ ಪಾರ್ಸರು ಒಬ್ಬ ಮನುಷ್ಯನನ್ನು ಇಬ್ಬರನ್ನಾಗಿ ಮಾಡಿಬಿಡುತ್ತದೆ. ನಮ್ಮ ಕಡೆಯವರು ವಿಶೇಷವಾಗಿ ಗಮನಿಸತಕ್ಕ ಸಂಗತಿಯೊಂದುಂಟು: ಹೆಸರಿನ ಮುಂದೆ ಊರಿನ ಹಾಗೂ ತಂದೆಯ ಹೆಸರಿನ ಮೊದಲಕ್ಷರಗಳನ್ನು ಚುಕ್ಕೆಯಿಟ್ಟು ಬರೆದುಕೊಳ್ಳುವ ನಮ್ಮ ರೂಢಿಯು 1982ರ ವ್ಯಾಕರಣದ ಪ್ರಕಾರ ಅಪಶಬ್ದ, ಉದ್ಧರಣಚಿಹ್ನೆಗಳೊಳಗಲ್ಲದೆ ಹೆಸರಿನಲ್ಲಿ ಚುಕ್ಕೆಗೆ ಅಲ್ಲಿ ಸ್ಥಾನವಿಲ್ಲ. ಲೋಕರೂಢಿಯು ಶಾಸ್ತ್ರವನ್ನು ಮೀರಿ ನಡೆದುದರಿಂದ 2001ರ ಪರಿಷ್ಕಾರವು ಮೊದಲಕ್ಷರಗಳನ್ನೇ ಹೆಸರಿಸಿ, ಹೀಗೆ ಬರೆಯಬಾರದು, ಆದರೆ ಬಂದುದನ್ನು ಓದಿಕೊಳ್ಳಲೇಬೇಕು ಎಂದು ವಿಧಿಸಿತು. ಶಾಸ್ತ್ರಕಾರರೂ ತಪ್ಪಿದುದುಂಟು. ಒಂಟಿ ಅಕ್ಷರಗಳಿಂದ ಕಾಲವಲಯವನ್ನು ಸೂಚಿಸುವ ಸೈನ್ಯದ ಪದ್ಧತಿಯನ್ನು ಸೇರಿಸುವಾಗ 822ನೆಯ ದಾಖಲೆಯು ಧನ ಋಣ ಚಿಹ್ನೆಗಳನ್ನು ತಿರುಗುಮುರುಗಾಗಿ ಬರೆದುಬಿಟ್ಟಿತು. ಅಂಥ ಅಕ್ಷರವು ಕಂಡರೆ ಕಾಲವಲಯವು ತಿಳಿಯದೆಂದೇ ಭಾವಿಸತಕ್ಕದ್ದು ಎಂದು ಮುಂದಿನವರು ನಿರ್ಣಯಿಸಬೇಕಾಯಿತು.

ಆ ಕಾಲದ ಪತ್ರಕ್ಕೆ ಇಂಗ್ಲಿಷಿನ ಅಕ್ಷರಗಳ ಹೊರತು ಬೇರೆ ಲಿಪಿ ತಿಳಿಯದು. ಅದಕ್ಕೆ ಸರ್ವಭಾಷೆಗಳನ್ನೂ ಚಿತ್ರಸಂಗೀತಗಳನ್ನೂ ಹೊರುವ ಶಕ್ತಿಯನ್ನು ಕೊಟ್ಟವರು ನಥಾನಿಯಲ್ ಬೊರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್. 1992ರಲ್ಲಿ ಅವರು ನಿರೂಪಿಸಿದ ಮೈಮ್ ಎಂಬ ಪದ್ಧತಿಯು ಹಳೆಯ ಸರ್ವರುಗಳಲ್ಲಿ ಒಂದನ್ನೂ ಬದಲಾಯಿಸದೆ ಈ ಕಾರ್ಯವನ್ನು ಸಾಧಿಸಿದುದೇ ಅದರ ಹಿರಿಮೆ. ಪರಭಾಷೆಯ ಅಕ್ಷರಗಳನ್ನು ಹಳೆಯ ಅಕ್ಷರಗಳ ವೇಷದಲ್ಲಿ ದಾಟಿಸುವ ಬೇಸ್64 ಎಂಬ ವಿಧಾನದಲ್ಲಿ ಮೂರು ಬೈಟುಗಳು ನಾಲ್ಕು ಅಕ್ಷರಗಳಾಗುತ್ತವೆ. ಲಿಪಿಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತವೂ, ಎಂದರೆ ಮೂಲಾಕ್ಷರವಾಗಲಿ ಅದಕ್ಕೆ ಸೇರುವ ಚಿಹ್ನೆಯಾಗಲಿ, ಸರಿಯಾಗಿ ಮೂರು ಬೈಟು. ಆದಕಾರಣ ನಮ್ಮ ಒಂದು ಸಂಕೇತಕ್ಕೆ ನಾಲ್ಕು ಅಕ್ಷರಗಳು, ಕೊರೆಯಿಲ್ಲ, ಮಿಗತೆಯಿಲ್ಲ. ಕಕಾರವು ‘4, ಎಲ್, ಕೆ, ವಿ’ ಎಂದಾಗುತ್ತದೆ. ಕನ್ನಡದ ಪ್ರತಿಯೊಂದು ಸಂಕೇತವೂ ‘4, ಎಲ್, ಕೆ’ ಅಥವಾ ‘4, ಎಲ್, ಓ’ ಎಂದೇ ತೊಡಗುತ್ತದೆ. ಪದಗಳ ನಡುವೆ ತೆರಪು ಬಂದೊಡನೆ ಈ ಹೊಂದಿಕೆಯು ಜಾರುತ್ತದೆಂಬುದು ನಿಜ. ಆದರೂ ವಿಷಯಸಾಲಿನ ಮೊದಲ ಪದವನ್ನು ನೋಡಿದ ಮಾತ್ರದಿಂದಲೇ, ಬಿಡಿಸುವ ಮೊದಲೇ, ಇದು ಕನ್ನಡದ ಪತ್ರವೆಂದು ಗುರುತಿಸಬಹುದು. ಹಾಗೆ ಗುರುತಿಸಿದಾಗಲೆಲ್ಲ ನನಗೆ ಪರಿಚಿತರ ದನಿಯನ್ನು ಕೇಳಿದಷ್ಟು ಹರ್ಷವಾಗುತ್ತದೆ.

ಕನ್ನಡಕ್ಕೆ ಅಪಾಯವಿರುವುದೂ ಇಲ್ಲಿಯೇ. ಶಿರೋಭಾಗದಲ್ಲಿ ಇಂತಹ ವೇಷಧಾರಿ ತುಂಡೊಂದು 75 ಅಕ್ಷರಗಳನ್ನು ಮೀರಕೂಡದು. ಆದ್ಯಂತಗಳ ಗುರುತುಗಳನ್ನು ಕಳೆದರೆ ಕನ್ನಡದ 15 ಸಂಕೇತಗಳಿಗಷ್ಟೇ ಅದರಲ್ಲಿ ಎಡೆ. ‘ಕನ್ನಡ’ ಎಂಬ ಮೂರಕ್ಷರದ ಪದಕ್ಕೇ ಐದು ಸಂಕೇತಗಳು ಬೇಕಾಗುವುದರಿಂದ ನಮ್ಮ ವಿಷಯಸಾಲುಗಳು ಬಹುಮಟ್ಟಿಗೆ ಎರಡು ಮೂರು ತುಂಡುಗಳಾಗಿಯೇ ಬರುತ್ತವೆ. ಯಾವ ಸಂಕೇತವನ್ನೂ ನಡುವೆ ಸೀಳಬಾರದೆಂದು ನಿಯಮವಿದ್ದರೂ, ಬೈಟುಗಳನ್ನೆಣಿಸಿ ಕುರುಡಾಗಿ ಕತ್ತರಿಸುವ ತಂತ್ರಾಂಶಗಳು ಉಂಟು. ಅವುಗಳಿಂದ ಹೊರಟ ಪತ್ರವನ್ನು ಒಂದೊಂದು ತುಂಡಾಗಿ ಬಿಡಿಸುವ ಪಾರ್ಸರು ಸೀಳಿದೆಡೆಯಲ್ಲಿ ಕಪ್ಪು ವಜ್ರಾಕೃತಿಯೊಳಗಿನ ಪ್ರಶ್ನಚಿಹ್ನೆಗಳನ್ನು ನಿಲ್ಲಿಸುತ್ತದೆ. ಬಲ್ಲ ಪಾರ್ಸರಾದರೋ ನೆರೆಹೊರೆಯ ತುಂಡುಗಳ ಬೈಟುಗಳನ್ನು ಮೊದಲು ಕೂಡಿಸಿಕೊಂಡು, ಅನಂತರ ಅಕ್ಷರವನ್ನಾಗಿ ಓದುತ್ತದೆ. ಕಳುಹಿಸಿದವರ ತಪ್ಪು ಅಲ್ಲಿಗೇ ಶಮನವಾಗುತ್ತದೆ.

ಕಳುಹಿಸುವಾಗ ನಿಯಮನಿಷ್ಠೆ, ಸ್ವೀಕರಿಸುವಾಗ ಔದಾರ್ಯ ಎಂಬ ತತ್ತ್ವವನ್ನು ಜಾನ್ ಪೋಸ್ಟೆಲ್ ಅವರು 1980ರಲ್ಲಿ ಪ್ರತಿಪಾದಿಸಿದರು. ಅದನ್ನು ನಾನು ಮನಃಪೂರ್ವಕವಾಗಿ ಒಪ್ಪುತ್ತೇನೆ. ಆದರೆ ಔದಾರ್ಯವು ಮುಚ್ಚುಮರೆಯಾಗಬಾರದು. ಓಲೆಗರಿಯ ಗ್ರಂಥವನ್ನು ಸಂಪಾದಿಸುವ ವಿದ್ವಾಂಸನು ಪಾಠವು ಕೆಟ್ಟಿರುವೆಡೆಯಲ್ಲಿ ತನ್ನ ಊಹೆಯನ್ನು ಮೂಲದೊಳಗೆ ಸದ್ದಿಲ್ಲದೆ ಬೆರೆಸದೆ, ಓಲೆಯಲ್ಲಿದ್ದುದನ್ನು ಅಡಿಟಿಪ್ಪಣಿಯಲ್ಲಿ ಕಾಣಿಸುವಂತೆ, ಪಾರ್ಸರೂ ನಡೆದುಕೊಳ್ಳತಕ್ಕದ್ದು. ಪೈಥಾನ್ ಭಾಷೆಯೊಡನೆ ಬರುವ ಇಮೇಲ್ ಪ್ಯಾಕೇಜು ಈ ವಿಷಯದಲ್ಲಿ ನನ್ನ ಮೆಚ್ಚಿಕೆಗೆ ಪಾತ್ರವಾದುದು. ಎಂತಹ ಭಗ್ನವಾದ ಪತ್ರವು ಬಂದರೂ ಅದು ಸಾಮಾನ್ಯವಾಗಿ ಮುನಿದು ನಿಲ್ಲದೆ, ಓದಲಾಗುವಷ್ಟನ್ನು ಓದಿ, ಕಂಡ ದೋಷಗಳನ್ನು ಆ ಪತ್ರದ ಜೊತೆಯಲ್ಲಿಯೇ ಪಟ್ಟಿಮಾಡಿ ಒಪ್ಪಿಸುತ್ತದೆ. ಇದಕ್ಕೆ ವಿರುದ್ಧವಾದುದು ಹಳೆಯ ಯೂನಿಕ್ಸ್ ಅಂಚೆಪೆಟ್ಟಿಗೆಯ ನಡತೆ: ಅಲ್ಲಿ ‘ಫ್ರಮ್’ ಎಂದು ಮೊದಲಾಗುವ ಸಾಲೇ ಹೊಸ ಪತ್ರದ ಗುರುತಾದುದರಿಂದ, ಒಕ್ಕಣೆಯೊಳಗಿನ ಸಾಲೊಂದು ಆ ಪದದಿಂದ ತೊಡಗಿದರೆ ಅದರ ಮುಂದೆ ಒಂದು ಕೋನಚಿಹ್ನೆಯನ್ನು ಸೇರಿಸಿಬಿಡುತ್ತಿದ್ದರು, ಆ ಚಿಹ್ನೆಯು ಬರೆದವರದೋ ಪೆಟ್ಟಿಗೆಯದೋ ಎಂಬುದನ್ನು ಆಮೇಲೆ ನಿರ್ಣಯಿಸುವ ಬಗೆ ಇಲ್ಲದೆ ಹೋಯಿತು.

ಕಳುಹಿಸಿದವರು ಯಾರೆಂಬ ಒಂದು ವಿಷಯದಲ್ಲಿ ಮಾತ್ರ ಔದಾರ್ಯಕ್ಕೆ ಎಡೆಗೊಡಬಾರದು. ಬರೆದವರನ್ನು ಹೇಳುವ ಸಾಲು ಒಂದು ಪತ್ರದಲ್ಲಿ ಒಂದೇ ಇರತಕ್ಕದ್ದು. ವಂಚಕನು ಎರಡನ್ನು ಇಟ್ಟಾಗ, ಪತ್ರದ ಡಿಜಿಟಲ್ ಸಹಿಯನ್ನು ಪರೀಕ್ಷಿಸುವ ತಂತ್ರಾಂಶವು ಒಂದನ್ನು ನೋಡಿ ಒಪ್ಪಿ, ತೆರೆಗೆ ತರುವ ತಂತ್ರಾಂಶವು ಇನ್ನೊಂದನ್ನು ತೋರಿಸಿದರೆ, ಅಮಾಯಕನಾದ ಓದುಗನು ಬ್ಯಾಂಕಿನ ಹೆಸರನ್ನು ನಂಬಿ ಮೋಸಹೋಗುತ್ತಾನೆ. ಇಂತಹ ಪತ್ರವನ್ನು ತಿದ್ದಿಕೊಂಡು ಓದುವುದಕ್ಕಿಂತ ತಿರಸ್ಕರಿಸುವುದೇ ಯೋಗ್ಯ.

ಇಮೇಲನ್ನು ಓದುವ ತಂತ್ರಾಂಶಗಳನ್ನು ಬರೆಯುವ ಕನ್ನಡಿಗರು ಬೆಂಗಳೂರಿನಲ್ಲಿಯೂ ಹೊರನಾಡುಗಳಲ್ಲಿಯೂ ಅನೇಕರಿದ್ದಾರೆ. ಅವರಲ್ಲಿ ನನ್ನದೊಂದು ಬಿನ್ನಹ: ನಿಮ್ಮ ಪರೀಕ್ಷಾಪತ್ರಗಳ ಸಂಗ್ರಹದಲ್ಲಿ 15 ಸಂಕೇತಗಳಿಗೆ ಮೀರಿದ ಕನ್ನಡದ ವಿಷಯಸಾಲೊಂದನ್ನೂ, ಚುಕ್ಕೆಯ ಮೊದಲಕ್ಷರಗಳುಳ್ಳ ಹೆಸರೊಂದನ್ನೂ ತಪ್ಪದೆ ಸೇರಿಸಿರಿ, ಎರಡೂ ಇದ್ದುದಿದ್ದಂತೆ ತೆರೆಯ ಮೇಲೆ ಮೂಡಿದ ಬಳಿಕವೇ ತಂತ್ರಾಂಶವನ್ನು ಜನರ ಕೈಗೆ ಕೊಡಿರಿ.